ಖಿನ್ನತೆ, ಉರಿಯೂತ ಮತ್ತು ರಕ್ತದ ಒಂದು ರಿಪೋರ್ಟು

ಕಳೆದ ಸಲ ನಿಮಗೆ ಜೋರು ಜ್ವರ ಬಂದಿದ್ದು ಯಾವಾಗ, ಒಮ್ಮೆ ನೆನಪಿಸಿಕೊಳ್ಳಿ. ಮೈಕೈ ನೋವು, ಚಳಿ ಅದೆಲ್ಲ ಇರಲಿ, ಆ ದಿನ ನಿಮ್ಮ ಮನಸ್ಸು ಹೇಗಿತ್ತು ಹೇಳಿ. ಕಿಟಕಿಗೆ ಬೆನ್ನು ಮಾಡಿ ಮಲಗಿದ್ದಿರಿ. ಫೋನ್ ಬಡಿದುಕೊಳ್ಳುತ್ತಿದ್ದರೂ ಕೈ ಚಾಚಬೇಕು ಅನ್ನಿಸಲಿಲ್ಲ. ದಿನಾ ಇಷ್ಟಪಟ್ಟು ತಿನ್ನುವುದನ್ನು ಮುಂದೆ ತಂದಿಟ್ಟರೂ ಬೇಡವಾಯಿತು. 'ಈಗ ಹೇಗಿದೆ?' ಎಂದು ಮನೆಯವರು ಪ್ರೀತಿಯಿಂದಲೇ ಕೇಳಿದರೂ ಬಾಯಿ ಬಿಟ್ಟು ಉತ್ತರ ಕೊಡುವುದೇ ದೊಡ್ಡ ಕೆಲಸವಾಗಿತ್ತು. ಪುಸ್ತಕ ಹಿಡಿದರೆ ಅದೇ ಸಾಲನ್ನು ಮೂರು ಸಲ ಓದಿದರೂ ತಲೆಗೆ ಹತ್ತಲಿಲ್ಲ.

ಈಗ ಇದರೊಳಗಿಂದ ಜ್ವರ ಅನ್ನುವುದೊಂದನ್ನು ತೆಗೆದುಬಿಡಿ. ಉಳಿದದ್ದನ್ನಷ್ಟೇ ನನ್ನ ಮುಂದೆ ಕೂತು ಹೇಳಿ: ಎರಡು ವಾರದಿಂದ ಯಾವುದರಲ್ಲೂ ಆಸಕ್ತಿ ಇಲ್ಲ, ಸುಸ್ತು, ಊಟ ಸೇರುತ್ತಿಲ್ಲ, ನಿದ್ದೆ ಕೆಟ್ಟಿದೆ, ಗಮನ ನಿಲ್ಲುತ್ತಿಲ್ಲ, ಯಾರ ಜೊತೆಯೂ ಬೇಡ ಅನ್ನಿಸುತ್ತದೆ. ಮನೋವೈದ್ಯ ವೃತ್ತಿಯಲ್ಲಿರುವ ನಾನು ಖಿನ್ನತೆ ಎಂದು ಬರೆದುಕೊಳ್ಳಲು ಬೇಕಾದ ಲಕ್ಷಣಗಳಲ್ಲಿ ಬಹುಪಾಲು ಅಲ್ಲೇ ಸಿಕ್ಕಿಬಿಟ್ಟವು. ಈ ಹೋಲಿಕೆ ಕಾಕತಾಳೀಯವೋ, ಅಥವಾ ಒಳಗೆ ಯಾವುದೋ ನಂಟು ಇದೆಯೋ? ಕಳೆದ ಮೂರು ದಶಕಗಳಲ್ಲಿ ಈ ಒಂದು ಪ್ರಶ್ನೆಯ ಸುತ್ತ ಆಗಿರುವ ಕೆಲಸವನ್ನು ಇವತ್ತು ನಿಮ್ಮ ಮುಂದಿಡುತ್ತೇನೆ.

ನಮ್ಮ ಭಾಷೆಯ ಒಂದು ಮಾತನ್ನು ಗಮನಿಸಿ. ಜ್ವರ ಬಂದರೂ 'ಹುಷಾರಿಲ್ಲ' ಅನ್ನುತ್ತೇವೆ, ಮನಸ್ಸು ಮಂಕಾದವರನ್ನು ಕಂಡರೂ 'ಯಾಕೋ ಹುಷಾರಿಲ್ಲದವರ ಹಾಗಿದ್ದೀರಿ' ಅನ್ನುತ್ತೇವೆ. ದೇಹದ್ದೊಂದು ಲೆಕ್ಕ, ಮನಸ್ಸಿನದೊಂದು ಲೆಕ್ಕ ಎಂದು ಬೇರೆ ಮಾಡಿದ್ದು ನಮ್ಮ ಆಸ್ಪತ್ರೆಗಳ ವಿಭಾಗಗಳು. ಮಾತು ಬೇರೆ ಮಾಡಿರಲಿಲ್ಲ.

ಜ್ವರ ಬಂದಾಗ ಮುದುಡಿ ಮಲಗುವುದನ್ನು ನಾವು ದೌರ್ಬಲ್ಯ ಎಂದುಕೊಂಡಿದ್ದೆವು. 1988ರಲ್ಲಿ ಬೆಂಜಮಿನ್ ಹಾರ್ಟ್ ಎಂಬ ಪಶುವೈದ್ಯ ವಿಜ್ಞಾನಿ ಅದನ್ನು ತಿರುಗಿಸಿ ನೋಡಿದರು. ಕಾಯಿಲೆ ಬಿದ್ದ ಪ್ರಾಣಿ ಮೂಲೆ ಹಿಡಿಯುವುದು, ಮೇವು ಬಿಡುವುದು, ಮೈ ನೆಕ್ಕಿಕೊಳ್ಳದಿರುವುದು ಇವೆಲ್ಲ ದೇಹವೇ ಹೂಡಿದ ಉಪಾಯ ಎಂದು ವಾದಿಸಿದರು. ಮೈಬಿಸಿಯನ್ನು ಒಂದು ಡಿಗ್ರಿ ಸೆಲ್ಸಿಯಸ್ ಏರಿಸಲು ದೇಹಕ್ಕೆ ಶೇ 10ರಿಂದ 13ರಷ್ಟು ಹೆಚ್ಚು ಶಕ್ತಿ ಬೇಕು. ಅಷ್ಟು ಖರ್ಚು ಇರುವಾಗ ಓಡಾಟ, ಬೇಟೆ, ಸಂಗ, ಆಟ ಎಲ್ಲವನ್ನೂ ನಿಲ್ಲಿಸಿಬಿಡುವುದೇ ಜಾಣತನ. ಇದಕ್ಕೆ 'ಅನಾರೋಗ್ಯದ ನಡವಳಿಕೆ' ಎಂದು ಹೆಸರಾಯಿತು. ಅದು ಕೆಲವು ದಿನ ಇರಬೇಕು, ಸೋಂಕು ಹೋದಮೇಲೆ ತಾನೂ ಹೋಗಬೇಕು. ಹೋಗದಿದ್ದರೆ?

ಇದನ್ನು ನಡೆಸುವವರು ಯಾರು ಎಂದು ನೋಡೋಣ. ಸೋಂಕು ತಗುಲಿದಾಗ ರೋಗನಿರೋಧಕ ಕೋಶಗಳು ಸೈಟೋಕೈನ್ ಎಂಬ ಸಣ್ಣ ಪ್ರೋಟೀನುಗಳನ್ನು ಹೊರಬಿಡುತ್ತವೆ. ಇವು ಕೋಶದಿಂದ ಕೋಶಕ್ಕೆ ಹೋಗುವ ಸುದ್ದಿ. ಸೋಂಕಿಗೋ ಗಾಯಕ್ಕೋ ದೇಹ ಹೀಗೆ ಎದ್ದು ನಿಲ್ಲುವುದನ್ನೇ ಉರಿಯೂತ ಅನ್ನುವುದು. ಇವತ್ತಿನ ಮಾತಿಗೆ ಮೂರು ಹೆಸರು ಸಾಕು: ಇಂಟರ್‌ಲ್ಯೂಕಿನ್-1 ಬೀಟಾ, ಇಂಟರ್‌ಲ್ಯೂಕಿನ್-6, ಟಿಎನ್‌ಎಫ್ ಆಲ್ಫಾ. ರಕ್ತಕ್ಕೂ ಮಿದುಳಿಗೂ ನಡುವೆ ಬಿಗಿಯಾದ ತಡೆ ಇದೆ, ಇಷ್ಟು ದೊಡ್ಡ ಅಣುಗಳು ಅದನ್ನು ದಾಟಲಾರವು ಎಂದು ಬಹುಕಾಲ ನಂಬಿದ್ದೆವು. ಆದರೆ ಆ ಗೋಡೆಯಲ್ಲಿ ಕೆಲವು ಕಡೆ ಸಂದುಗಳಿವೆ. ಕೆಲವು ಸೈಟೋಕೈನ್‌ಗಳನ್ನು ಹೊತ್ತು ದಾಟಿಸುವ ವ್ಯವಸ್ಥೆಯೂ ಇದೆ. ಇನ್ನೊಂದು ದಾರಿ ವೇಗಸ್ ನರ. ಹೊಟ್ಟೆ, ಎದೆಗಳಿಂದ ಹೊರಟು ನೇರ ಮಿದುಳಿನ ಬುಡಕ್ಕೆ ಸೇರುವ ಉದ್ದನೆಯ ನರ ಅದು. ಹೊಟ್ಟೆಯೊಳಗೆ ಉರಿಯೂತ ಉಂಟುಮಾಡಿದ ಇಲಿಗಳಲ್ಲಿ ಈ ನರವನ್ನು ಕತ್ತರಿಸಿಟ್ಟರೆ, ಅನಾರೋಗ್ಯದ ನಡವಳಿಕೆ ಬಹಳಷ್ಟು ಕಾಣಿಸಿಕೊಳ್ಳುವುದೇ ಇಲ್ಲ ಎಂದು 1990ರ ದಶಕದ ಪ್ರಯೋಗಗಳು ತೋರಿಸಿದವು. ಹೊಟ್ಟೆಯಲ್ಲಿ ರೋಗ ಇದೆ, ಮಿದುಳಿಗೆ ಸುದ್ದಿ ತಲುಪಿಲ್ಲ, ಇಲಿ ಆರಾಮಾಗಿ ಓಡಾಡುತ್ತಿದೆ!

ಇಲಿಗಳದ್ದೇ ಇನ್ನೊಂದು ಪ್ರಯೋಗ ನನಗೆ ಬಹಳ ಇಷ್ಟ. ಆರೋಗ್ಯವಾಗಿರುವ ಇಲಿಯ ಮುಂದೆ ಬರಿ ನೀರು, ಸಕ್ಕರೆ ನೀರು ಎರಡನ್ನೂ ಇಟ್ಟರೆ ಅದು ಸಕ್ಕರೆ ನೀರಿಗೇ ಹೋಗುತ್ತದೆ. ಬ್ಯಾಕ್ಟೀರಿಯಾದ ಹೊರಪೊರೆಯ ವಸ್ತುವನ್ನು ಚುಚ್ಚಿದ ಮೇಲೆ ಆ ಒಲವು ಕುಗ್ಗುತ್ತದೆ. ಮರುದಿನ ಇಲಿ ಚೇತರಿಸಿಕೊಂಡು ಓಡಾಡತೊಡಗಿದರೂ ಸಿಹಿಯ ಮೇಲಿನ ಆಸೆ ಇನ್ನೂ ಮರಳಿರುವುದಿಲ್ಲ. 'ಮೊದಲು ಇಷ್ಟವಾಗುತ್ತಿದ್ದದ್ದು ಈಗ ಯಾವುದೂ ರುಚಿಸುವುದಿಲ್ಲ ಡಾಕ್ಟ್ರೇ' ಎಂದು ಜನ ಹೇಳುವಾಗ ಆ ಎರಡು ನೀರಿನ ಕೊಳವೆಗಳು ನನ್ನ ಕಣ್ಮುಂದೆ ಬರುತ್ತವೆ.

ಇಲಿಯ ಮಾತು ಇಲಿಗಾಯಿತು, ಮನುಷ್ಯರಿಗೆ? ಇಲ್ಲಿ ನಮಗೆ ದೊಡ್ಡ ಪುರಾವೆ ಕೊಟ್ಟದ್ದು ಒಂದು ಔಷಧಿ. ಹೆಪಟೈಟಿಸ್ ಸಿ ಮತ್ತು ಮೆಲನೋಮ ಎಂಬ ಚರ್ಮದ ಕ್ಯಾನ್ಸರಿಗೆ ಇಂಟರ್‌ಫೆರಾನ್ ಆಲ್ಫಾ ಚುಚ್ಚುಮದ್ದು ಕೊಡುತ್ತಿದ್ದರು. ಇಂಟರ್‌ಫೆರಾನ್ ಕೂಡ ಒಂದು ಸೈಟೋಕೈನ್. ಅಂದರೆ ಚಿಕಿತ್ಸೆಯ ಹೆಸರಿನಲ್ಲಿ ನಾವೇ ತಿಂಗಳುಗಟ್ಟಲೆ ಉರಿಯೂತದ ಸುದ್ದಿಯನ್ನು ದೇಹಕ್ಕೆ ಹಾಕುತ್ತಿದ್ದೆವು. ಅದನ್ನು ತೆಗೆದುಕೊಂಡವರಲ್ಲಿ ಬಹಳ ಮಂದಿ ಖಿನ್ನತೆಗೆ ಜಾರಿದರು. ಅದೂ ಒಂದು ಕ್ರಮದಲ್ಲಿ. ಮೊದಲ ವಾರಗಳಲ್ಲಿ ಸುಸ್ತು, ನಿದ್ದೆಗೇಡು, ಊಟ ಸೇರದಿರುವುದು. ಒಂದೆರಡು ತಿಂಗಳು ಕಳೆಯುವ ಹೊತ್ತಿಗೆ ಬೇಸರ, ಅಳು, ಬದುಕೇ ಬೇಡ ಎನ್ನುವ ಮಾತು.

'ಕ್ಯಾನ್ಸರ್ ಬಂದಿದೆ ಅಂದಮೇಲೆ ಬೇಸರವಾಗದೆ ಇರುತ್ತದೆಯೇ' ಎಂದು ನೀವು ಕೇಳಬಹುದು, ಕೇಳಲೇಬೇಕು. ಇದಕ್ಕೆ ಉತ್ತರ ಹುಡುಕಲು ನೆರವಾದದ್ದು 2001ರಲ್ಲಿ ಪ್ರಕಟವಾದ ಒಂದು ಅಧ್ಯಯನ. ಮೆಲನೋಮ ಇದ್ದ 40 ಮಂದಿ. ಎಲ್ಲರಿಗೂ ಹೆಚ್ಚಿನ ಪ್ರಮಾಣದ ಇಂಟರ್‌ಫೆರಾನ್. ಅದಕ್ಕೆ ಎರಡು ವಾರ ಮುಂಚಿನಿಂದಲೇ ಅರ್ಧ ಜನಕ್ಕೆ ಪ್ಯಾರೊಕ್ಸೆಟಿನ್ ಎಂಬ ಖಿನ್ನತೆಯ ಮಾತ್ರೆ, ಉಳಿದರ್ಧಕ್ಕೆ ನೋಡಲು ಹಾಗೇ ಇರುವ ಖಾಲಿ ಮಾತ್ರೆ. ಖಾಲಿ ಮಾತ್ರೆಯವರಲ್ಲಿ ಶೇ 45 ಮಂದಿಗೆ ತೀವ್ರ ಖಿನ್ನತೆ ಬಂತು, ಪ್ಯಾರೊಕ್ಸೆಟಿನ್ ತೆಗೆದುಕೊಂಡವರಲ್ಲಿ ಶೇ 11 ಮಂದಿಗೆ. ಕ್ಯಾನ್ಸರ್ ಎರಡೂ ಕಡೆ ಒಂದೇ, ಭಯವೂ ಒಂದೇ. ಸೈಟೋಕೈನ್ ತಂದಿಟ್ಟ ಖಿನ್ನತೆ, ನಾವು ದಿನಾ ನೋಡುವ ಖಿನ್ನತೆಯ ಮದ್ದಿಗೇ ಬಗ್ಗಿತು. ಹಾಗಿದ್ದರೆ ಇವೆರಡೂ ತೀರಾ ಬೇರೆ ಕಾಯಿಲೆಗಳಾಗಿರಲಾರವು, ಅಲ್ಲವೇ?

ಆದರೂ ಅಲ್ಲಿ ಇನ್ನೊಂದು ಸೂಕ್ಷ್ಮ ಇತ್ತು. ಆ ಮಾತ್ರೆ ಬೇಸರವನ್ನು, ಆತಂಕವನ್ನು ತಡೆದಷ್ಟು ಸುಸ್ತನ್ನು ತಡೆಯಲಿಲ್ಲ. ಇದನ್ನು ನೆನಪಿನಲ್ಲಿಡಿ, ಮತ್ತೆ ಬರುತ್ತೇನೆ.

ಅದೇ ವರ್ಷ ಇನ್ನೊಂದು ಗುಂಪು ಆರೋಗ್ಯವಂತರಾದ 20 ಗಂಡಸರಿಗೆ ಎಂಡೋಟಾಕ್ಸಿನ್ ಅನ್ನು, ಅಂದರೆ ಇಲಿಗಳಿಗೆ ಚುಚ್ಚಿದಂಥ ಬ್ಯಾಕ್ಟೀರಿಯಾದ ಹೊರಪೊರೆಯ ವಸ್ತುವನ್ನು, ಅತಿ ಸಣ್ಣ ಪ್ರಮಾಣದಲ್ಲಿ ಕೊಟ್ಟು ನೋಡಿತು. ಕೆಲವೇ ಗಂಟೆಗಳಲ್ಲಿ ಸೈಟೋಕೈನ್ ಏರಿತು, ಜೊತೆಗೇ ಮನಸ್ಸು ಕುಗ್ಗಿತು, ಆತಂಕ ಹೆಚ್ಚಿತು, ನೆನಪಿನ ಪರೀಕ್ಷೆಯಲ್ಲಿ ಅಂಕ ಇಳಿಯಿತು. ದುಃಖಪಡಲು ಅವರಿಗೆ ಯಾವ ಕಾರಣವೂ ಇರಲಿಲ್ಲ.

ಒಳಗೆ ಏನಾಗುತ್ತದೆ? ಒಂದು ದಾರಿಯನ್ನು ಮಾತ್ರ ಹೇಳುತ್ತೇನೆ. ಆಹಾರದಿಂದ ಬರುವ ಟ್ರಿಪ್ಟೊಫ್ಯಾನ್ ಎಂಬ ಅಮೈನೊ ಆಮ್ಲದಿಂದ ನಮ್ಮ ದೇಹ, ನರಕೋಶಗಳ ನಡುವೆ ಸುದ್ದಿ ಒಯ್ಯುವ ಸೆರೊಟೋನಿನ್ ತಯಾರಿಸುತ್ತದೆ. ಉರಿಯೂತ ಎದ್ದಾಗ ಐಡಿಒ ಎಂಬ ಕಿಣ್ವ ಚುರುಕಾಗಿ, ಟ್ರಿಪ್ಟೊಫ್ಯಾನ್ ಅನ್ನು ಕೈನುರೆನಿನ್ ಎಂಬ ಬೇರೆ ವಸ್ತುವಿನ ಕಡೆ ತಿರುಗಿಸಿಬಿಡುತ್ತದೆ. ಯಾಕೆ ತಿರುಗಿಸಬೇಕು? ಕೆಲವು ರೋಗಾಣುಗಳು ಬೆಳೆಯಲು ಅವಕ್ಕೂ ಟ್ರಿಪ್ಟೊಫ್ಯಾನ್ ಬೇಕು. ಅವಕ್ಕೆ ಸಿಗದಂತೆ ಉಗ್ರಾಣ ಖಾಲಿ ಮಾಡುವುದು ದೇಹದ ಯುದ್ಧತಂತ್ರ. ಕೈನುರೆನಿನ್ ಮಿದುಳಿಗೆ ಹೋದಾಗ, ಅಲ್ಲಿನ ಕಾವಲು ಕೋಶಗಳಾದ ಮೈಕ್ರೋಗ್ಲಿಯಾ ಅದನ್ನು ಕ್ವಿನೊಲಿನಿಕ್ ಆಮ್ಲವಾಗಿ ಮಾರ್ಪಡಿಸಬಲ್ಲವು. ಅದು ನರಕೋಶಗಳ ಮೇಲಿರುವ ಗ್ಲುಟಮೇಟ್ ಗ್ರಾಹಕಗಳೆಂಬ ಸುದ್ದಿ ಹಿಡಿಯುವ ಪ್ರೋಟೀನುಗಳನ್ನು ಕೆರಳಿಸುವ ವಸ್ತು, ಹೆಚ್ಚಾದರೆ ನರಕೋಶಗಳಿಗೆ ಒಳ್ಳೆಯದಲ್ಲ. ಇಂಟರ್‌ಫೆರಾನ್ ಪಡೆದು ಖಿನ್ನತೆಗೆ ಬಿದ್ದವರ ರಕ್ತದಲ್ಲಿ ಟ್ರಿಪ್ಟೊಫ್ಯಾನ್ ಹೆಚ್ಚು ಇಳಿದದ್ದು ಕಂಡಿದೆ. ಖಿನ್ನತೆ ಎಂದರೆ ಸೆರೊಟೋನಿನ್ ಕೊರತೆ ಎಂದು ಒಂದೇ ಸಾಲಿನಲ್ಲಿ ಮುಗಿಸುವವರ ಮಾತನ್ನು ನಾನು ಒಪ್ಪುವುದಿಲ್ಲ. ಇದು ಹಲವು ದಾರಿಗಳಲ್ಲಿ ಒಂದು ಮಾತ್ರ.

ಈಗ ರಿಪೋರ್ಟಿನ ವಿಷಯಕ್ಕೆ ಬರೋಣ. ನಮ್ಮ 'ಉರಿಯೂತ' ಅನ್ನುವ ಪದವನ್ನು ಬಿಡಿಸಿ ನೋಡಿ: ಉರಿ, ಊತ. ಸುಮಾರು ಎರಡು ಸಾವಿರ ವರ್ಷಗಳ ಹಿಂದೆ ರೋಮಿನ ಸೆಲ್ಸಸ್ ಉರಿಯೂತದ ಗುರುತು ನಾಲ್ಕು ಎಂದು ಬರೆದಿಟ್ಟ: ಕೆಂಪು, ಬಿಸಿ, ಊತ, ನೋವು. ಅದರಲ್ಲಿ ಎರಡು ನಮ್ಮ ಪದದೊಳಗೇ ಕೂತಿವೆ. ಆದರೆ ಖಿನ್ನತೆಯಲ್ಲಿ ನಾವು ಹುಡುಕುವ ಉರಿಯೂತಕ್ಕೆ ಉರಿಯೂ ಇಲ್ಲ, ಊತವೂ ಇಲ್ಲ. ಬೂದಿ ಮುಚ್ಚಿದ ಕೆಂಡದ ಹಾಗೆ ಒಳಗೊಳಗೇ ಇರುತ್ತದೆ, ರಕ್ತ ಪರೀಕ್ಷೆಯಲ್ಲಿ ಮಾತ್ರ ಕಾಣುತ್ತದೆ.

ಅದಕ್ಕೆ ಹೆಚ್ಚಾಗಿ ಬಳಸುವುದು ಸಿಆರ್‌ಪಿ, ಅಂದರೆ ಸಿ-ರಿಯಾಕ್ಟಿವ್ ಪ್ರೋಟೀನ್. 1930ರಲ್ಲಿ ಟಿಲೆಟ್ ಮತ್ತು ಫ್ರಾನ್ಸಿಸ್ ಎಂಬ ಇಬ್ಬರು ನ್ಯುಮೋನಿಯಾ ರೋಗಿಗಳ ರಕ್ತದಲ್ಲಿ ಇದನ್ನು ಗುರುತಿಸಿದರು. ಇಂಟರ್‌ಲ್ಯೂಕಿನ್-6 ಹೋಗಿ ಹೇಳಿದಾಗ ಯಕೃತ್ತು ಇದನ್ನು ತಯಾರಿಸುತ್ತದೆ. ಆದ್ದರಿಂದ ಸಿಆರ್‌ಪಿ ಬೆಂಕಿಯಲ್ಲ, ಹೊಗೆ. ಎಲ್ಲಿ ಉರಿಯುತ್ತಿದೆ ಎಂದು ಅದು ಹೇಳುವುದಿಲ್ಲ. ಲೀಟರಿಗೆ 1 ಮಿಲಿಗ್ರಾಂಗಿಂತ ಕಡಿಮೆ ಇದ್ದರೆ ಕಡಿಮೆ, 3ಕ್ಕಿಂತ ಮೇಲಿದ್ದರೆ ಹೆಚ್ಚು, 10 ದಾಟಿದರೆ ಬಹುಶಃ ಹೊಸದಾಗಿ ಸೋಂಕೋ ಗಾಯವೋ ಆಗಿದೆ ಎಂದು ಓದುತ್ತೇವೆ. ಈ ಗೆರೆಗಳನ್ನು ಎಳೆದದ್ದು ಹೃದಯದ ಕಾಯಿಲೆಗಾಗಿ. ಮನೋವೈದ್ಯರು ಅದನ್ನೇ ಎರವಲು ಪಡೆದಿದ್ದೇವೆ.

ಒಂದು ದಿನ ಮಹಿಳೆಯೊಬ್ಬರು ನಾಲ್ಕು ಮಡಿಕೆಯಾಗಿದ್ದ ಒಂದು ಹಾಳೆಯನ್ನು ಪರ್ಸಿನಿಂದ ತೆಗೆದು ಮೇಜಿನ ಮೇಲೆ ಬಿಡಿಸಿಟ್ಟರು. ಸಿಆರ್‌ಪಿ 14 ಅಂತಿತ್ತು, ಅದರ ಸುತ್ತ ಪೆನ್ನಿನಲ್ಲಿ ವೃತ್ತ ಎಳೆದಿದ್ದರು. ಎಲ್ಲೋ ಓದಿಕೊಂಡು ತಾವೇ ಮಾಡಿಸಿದ ಪರೀಕ್ಷೆ. ಅವರ ಮುಖದಲ್ಲಿ ಏನೋ ಒಂದು ನೆಮ್ಮದಿ ಇತ್ತು. 'ನೋಡಿ, ನಾನು ಸುಮ್ಮನೆ ಹೇಳುತ್ತಿರಲಿಲ್ಲ' ಎನ್ನುವಂಥ ನೆಮ್ಮದಿ. ವಿಚಾರಿಸಿದರೆ ರಕ್ತ ಕೊಡುವ ಮೂರು ದಿನ ಮುಂಚೆ ಗಂಟಲು ನೋವು, ನೆಗಡಿ. ಮೂರು ವಾರ ಬಿಟ್ಟು ಮತ್ತೆ ಮಾಡಿಸಿದಾಗ 0.8 ಬಂತು. ಸಿಆರ್‌ಪಿ ರಕ್ತದಲ್ಲಿ ಹೆಚ್ಚು ಹೊತ್ತು ಉಳಿಯುವುದಿಲ್ಲ, ಸುಮಾರು 19 ಗಂಟೆಗೆ ಅರ್ಧವಾಗುತ್ತದೆ. ಎರಡನೇ ಹಾಳೆ ನೋಡಿ ಅವರು ತಲೆ ತಗ್ಗಿಸಿ ಕೇಳಿದರು: 'ಹಾಗಾದರೆ ನನಗೆ ಆಗುತ್ತಿರುವುದೆಲ್ಲ ಸುಳ್ಳಾ?'

ಆ ಪ್ರಶ್ನೆ ನನ್ನನ್ನು ಇವತ್ತಿಗೂ ಬಿಟ್ಟಿಲ್ಲ. ರಿಪೋರ್ಟಿನಲ್ಲಿ ಏರಿಳಿತ ಕಂಡರೆ ಮಾತ್ರ ಕಾಯಿಲೆ ನಿಜ ಎಂದು ಅವರಿಗೆ ಕಲಿಸಿದವರು ನಾವೇ. ಖಿನ್ನತೆ ಇರುವವರಲ್ಲಿ ಎಷ್ಟು ಮಂದಿಗೆ ಸಿಆರ್‌ಪಿ ಹೆಚ್ಚಿರುತ್ತದೆ ಎಂದು 37 ಅಧ್ಯಯನಗಳನ್ನು, 13 ಸಾವಿರಕ್ಕೂ ಹೆಚ್ಚು ರೋಗಿಗಳನ್ನು ಒಟ್ಟಿಗೆ ಇಟ್ಟು 2019ರಲ್ಲಿ ಲೆಕ್ಕ ಹಾಕಿದ್ದಾರೆ. 3 ಮಿಲಿಗ್ರಾಂಗಿಂತ ಮೇಲಿದ್ದವರು ಶೇ 27. ಅಂದರೆ ನಾಲ್ವರಲ್ಲಿ ಒಬ್ಬರು. ಆರೋಗ್ಯವಂತರ ಗುಂಪಿಗೆ ಹೋಲಿಸಿದರೆ ಇದು ಖಂಡಿತ ಹೆಚ್ಚು, ಆದರೆ ಉಳಿದ ಮೂವರ ಖಿನ್ನತೆ ಅಷ್ಟೇ ನಿಜ, ಅಷ್ಟೇ ಭಾರ. ನಾನು ಆ ಮಹಿಳೆಗೆ ಅದನ್ನೇ ಹೇಳಿದೆ. ರಕ್ತದಿಂದ ಖಿನ್ನತೆಯನ್ನು ಪತ್ತೆ ಮಾಡುವ ಪರೀಕ್ಷೆ ಇವತ್ತಿಗೆ ಯಾವುದೂ ಇಲ್ಲ.

ಇನ್ನು ಯಾವುದು ಮೊದಲು ಎನ್ನುವ ಪ್ರಶ್ನೆ. ಖಿನ್ನತೆ ಬಂದವರು ಓಡಾಟ ಕಡಿಮೆ ಮಾಡುತ್ತಾರೆ, ನಿದ್ದೆಗೆಡುತ್ತಾರೆ, ತೂಕ ಏರುತ್ತದೆ, ಕೆಲವರಿಗೆ ಸಿಗರೇಟು ಹೆಚ್ಚುತ್ತದೆ. ಇದರಲ್ಲಿ ಪ್ರತಿಯೊಂದೂ ಉರಿಯೂತವನ್ನು ಏರಿಸಬಲ್ಲದು. ಕೊಬ್ಬಿನ ಅಂಗಾಂಶವೇ ಇಂಟರ್‌ಲ್ಯೂಕಿನ್-6 ತಯಾರಿಸುತ್ತದೆ. ಹಾಗಾಗಿ ಖಿನ್ನತೆಯಿಂದ ಉರಿಯೂತ ಬಂತು ಎಂದರೂ ತಪ್ಪಿಲ್ಲ. ಆದರೆ ಮಕ್ಕಳನ್ನು ಚಿಕ್ಕಂದಿನಿಂದ ಹಿಂಬಾಲಿಸಿದ ಅಧ್ಯಯನಗಳು ಇನ್ನೊಂದು ದಿಕ್ಕನ್ನೂ ತೋರಿಸಿವೆ. ಇಂಗ್ಲೆಂಡಿನ ಬ್ರಿಸ್ಟಲ್ ಸುತ್ತಮುತ್ತಲಿನ ಸುಮಾರು 4,500 ಮಕ್ಕಳ ರಕ್ತವನ್ನು 9ನೇ ವಯಸ್ಸಿನಲ್ಲಿ ನೋಡಿದ್ದರು. ಆಗ ಇಂಟರ್‌ಲ್ಯೂಕಿನ್-6 ಹೆಚ್ಚಿದ್ದ ಮಕ್ಕಳಲ್ಲಿ 18ನೇ ವಯಸ್ಸಿಗೆ ಖಿನ್ನತೆ ಬರುವ ಸಂಭವ, ಕಡಿಮೆ ಇದ್ದವರಿಗಿಂತ ಸುಮಾರು ಒಂದೂವರೆ ಪಟ್ಟು ಇತ್ತು ಎಂದು 2014ರಲ್ಲಿ ವರದಿಯಾಯಿತು. ಡೆನ್ಮಾರ್ಕಿನಲ್ಲಿ 35 ಲಕ್ಷಕ್ಕೂ ಹೆಚ್ಚು ಜನರ ದಾಖಲೆಗಳನ್ನು ನೋಡಿದಾಗ, ಸೋಂಕಿನಿಂದ ಆಸ್ಪತ್ರೆ ಸೇರಿದ್ದವರಿಗೆ ಮುಂದೆ ಮನೋಸ್ಥಿತಿಯ ಕಾಯಿಲೆ ಬರುವ ಅಪಾಯ ಶೇ 62 ಹೆಚ್ಚಿತ್ತು.

ಆದರೆ ನನ್ನನ್ನು ತುಂಬ ಕಾಡಿದ್ದು ನ್ಯೂಜಿಲೆಂಡಿನ ಡ್ಯುನಿಡಿನ್ ಅಧ್ಯಯನ. 1972–73ರಲ್ಲಿ ಹುಟ್ಟಿದ ಸುಮಾರು ಸಾವಿರ ಮಕ್ಕಳನ್ನು ಅವರು ಇಂದಿಗೂ ಹಿಂಬಾಲಿಸುತ್ತಿದ್ದಾರೆ. ಬಾಲ್ಯದ ಮೊದಲ ಹತ್ತು ವರ್ಷದಲ್ಲಿ ಹೊಡೆತ, ತಿರಸ್ಕಾರ, ದೌರ್ಜನ್ಯ ಕಂಡ ಮಕ್ಕಳಿಗೆ 32ನೇ ವಯಸ್ಸಿನಲ್ಲಿ ಸಿಆರ್‌ಪಿ ಹೆಚ್ಚಿರುವ ಸಂಭವ ಉಳಿದವರಿಗಿಂತ ಜಾಸ್ತಿ ಇತ್ತು. ಮಗುವಿಗೆ ಬಿದ್ದ ಪೆಟ್ಟು ಇಪ್ಪತ್ತು ವರ್ಷ ದಾಟಿ ರಕ್ತದಲ್ಲಿ ಸಿಗುತ್ತದೆ. 'ಹಳೆಯದನ್ನೆಲ್ಲ ಮರೆತುಬಿಡು' ಎಂದು ಬುದ್ಧಿ ಹೇಳುವ ಹಿರಿಯರು ಇದನ್ನೊಮ್ಮೆ ಓದಬೇಕು ಎಂದು ನನ್ನ ಆಸೆ. ಅವರು ಮರೆತರೂ ದೇಹ ಮರೆತಿರುವುದಿಲ್ಲ.

ಮನಸ್ಸಿನ ಪೆಟ್ಟು ಉರಿಯೂತವನ್ನು ಏರಿಸುವುದಾದರೂ ಹೇಗೆ? ಅಪಾಯ ಬಂದಾಗ ಗಾಯವಾಗಬಹುದು, ಗಾಯವಾದರೆ ಸೋಂಕು ಬರಬಹುದು. ಆದ್ದರಿಂದ ಬೆದರಿಕೆ ಕಂಡೊಡನೆ ದೇಹ ಮುಂಚಿತವಾಗಿಯೇ ಸೈಟೋಕೈನ್ ಹೊರಬಿಡುತ್ತದೆ. ಅಪರಿಚಿತರ ಮುಂದೆ ನಿಂತು ಭಾಷಣ ಮಾಡಿ, ಬಾಯಲ್ಲೇ ಲೆಕ್ಕ ಮಾಡಿ ಎಂದು ಹೇಳಿದರೂ ಸಾಕು, ಸ್ವಲ್ಪ ಹೊತ್ತಿನಲ್ಲೇ ರಕ್ತದಲ್ಲಿ ಇಂಟರ್‌ಲ್ಯೂಕಿನ್-6 ಏರುತ್ತದೆ. ಇದನ್ನು ತಗ್ಗಿಸಬೇಕಾದದ್ದು ಕಾರ್ಟಿಸಾಲ್ ಹಾರ್ಮೋನು. ಒತ್ತಡ ಬಹುಕಾಲ ಮುಂದುವರಿದರೆ ರೋಗನಿರೋಧಕ ಕೋಶಗಳು ಕಾರ್ಟಿಸಾಲ್ ಮಾತಿಗೆ ಕಿವಿಗೊಡುವುದನ್ನೇ ಬಿಡುತ್ತವೆ.

ಹಾಗಿದ್ದರೆ ಉರಿಯೂತ ಇಳಿಸುವ ಮದ್ದು ಕೊಟ್ಟರೆ ಖಿನ್ನತೆ ಹೋಗಬೇಕಲ್ಲ? ಇದಕ್ಕೆ ಬಂದ ಉತ್ತರ ನೇರವಾಗಿಲ್ಲ, ಅದೇ ಅದರ ಬೆಲೆ. ಇನ್ಫ್ಲಿಕ್ಸಿಮಾಬ್ ಎಂಬುದು ಟಿಎನ್‌ಎಫ್ ಅನ್ನು ಕಟ್ಟಿಹಾಕುವ ಔಷಧಿ, ಸಂಧಿವಾತಕ್ಕೆ ಬಳಸುತ್ತಾರೆ. ಅಮೆರಿಕದ ಎಮರಿ ವಿಶ್ವವಿದ್ಯಾಲಯದಲ್ಲಿ, ಬೇರೆ ಚಿಕಿತ್ಸೆಗೆ ಜಗ್ಗದ ಖಿನ್ನತೆ ಇದ್ದ 60 ಮಂದಿಗೆ ಇದನ್ನೋ ಖಾಲಿ ದ್ರವವನ್ನೋ ಮೂರು ಸಲ ರಕ್ತನಾಳಕ್ಕೆ ಹಾಕಿ 12 ವಾರ ನೋಡಿದರು. 2013ರಲ್ಲಿ ಫಲಿತಾಂಶ ಬಂತು: ಒಟ್ಟಾರೆ ಎರಡು ಗುಂಪಿಗೂ ವ್ಯತ್ಯಾಸವೇ ಇಲ್ಲ. ಅಲ್ಲಿಗೆ ಮುಗಿಯಿತು ಎನ್ನಬಹುದಿತ್ತು. ಆದರೆ ಆರಂಭದಲ್ಲೇ ಸಿಆರ್‌ಪಿ 5ಕ್ಕಿಂತ ಹೆಚ್ಚಿದ್ದವರನ್ನು ಬೇರೆ ತೆಗೆದು ನೋಡಿದಾಗ, ಔಷಧಿ ಪಡೆದ 13 ಜನರಲ್ಲಿ 8 ಮಂದಿಯ ಲಕ್ಷಣ ಅರ್ಧಕ್ಕರ್ಧ ಇಳಿದಿತ್ತು, ಖಾಲಿ ದ್ರವ ಪಡೆದ 9 ಜನರಲ್ಲಿ 3 ಮಂದಿಯದು. ಸಿಆರ್‌ಪಿ ಕಡಿಮೆ ಇದ್ದವರಲ್ಲಿ ಖಾಲಿ ದ್ರವದವರೇ ಹೆಚ್ಚು ಸುಧಾರಿಸಿದ್ದರು. ಸಂಖ್ಯೆ ಬಹಳ ಸಣ್ಣದು, ಇದರ ಮೇಲೆ ಮನೆ ಕಟ್ಟಲಾಗದು. ಆದರೂ ಖಿನ್ನತೆ ಅನ್ನುವ ಒಂದೇ ಹೆಸರಿನ ಕೆಳಗೆ ಬೇರೆ ಬೇರೆ ಕಾಯಿಲೆಗಳನ್ನು ಸೇರಿಸಿ ಕೂರಿಸಿದ್ದೇವೆ ಎನ್ನುವ ನನ್ನ ಅನುಮಾನಕ್ಕೆ ಇದು ಬಲ ಕೊಟ್ಟಿತು.

ಆಗಲೇ ಸುಸ್ತಿನ ಮಾತು ನೆನಪಿನಲ್ಲಿಡಿ ಎಂದಿದ್ದೆ. ಸಿಆರ್‌ಪಿ ಹೆಚ್ಚಿರುವ ಖಿನ್ನತೆಯಲ್ಲಿ ಎದ್ದು ಕಾಣುವುದು ಅದೇ: ಸುಸ್ತು, ನಿದ್ದೆಯ ತೊಂದರೆ, ಹಸಿವಿನ ಬದಲಾವಣೆ, ಯಾವುದಕ್ಕೂ ಹುರುಪಿಲ್ಲದಿರುವುದು. ದುಃಖಕ್ಕಿಂತ ಈ ಲಕ್ಷಣಗಳ ಜೊತೆಗೇ ಉರಿಯೂತದ ನಂಟು ಹೆಚ್ಚು. 2014ರ ಒಂದು ಅಧ್ಯಯನದಲ್ಲಿ ಸಿಆರ್‌ಪಿ 1ಕ್ಕಿಂತ ಕಡಿಮೆ ಇದ್ದವರಿಗೆ ಎಸ್ಸಿಟಲೊಪ್ರಾಮ್ ಎಂಬ ಖಿನ್ನತೆಯ ಮಾತ್ರೆ, ಅದಕ್ಕಿಂತ ಹೆಚ್ಚಿದ್ದವರಿಗೆ ನಾರ್ಟ್ರಿಪ್ಟಿಲಿನ್ ಎಂಬ ಇನ್ನೊಂದು ಮಾತ್ರೆ ಚೆನ್ನಾಗಿ ಹಿಡಿದಿತ್ತು. ಮುಂದೊಂದು ದಿನ ಮಾತ್ರೆ ಆರಿಸಲು ಈ ಪರೀಕ್ಷೆ ನೆರವಾಗಬಹುದು. ಇವತ್ತು ಅದರ ಆಧಾರದ ಮೇಲೆ ನಾನು ಮಾತ್ರೆ ಬದಲಿಸುವುದಿಲ್ಲ.

ಒಂದು ಕಿವಿಮಾತು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಉರಿಯೂತ ಎಂದ ಕೂಡಲೇ ಮನೆಯಲ್ಲಿರುವ ನೋವಿನ ಮಾತ್ರೆಯನ್ನೋ ಆಸ್ಪಿರಿನ್ನನ್ನೋ ದಿನಾ ನುಂಗಲು ಶುರುಮಾಡಬೇಡಿ. ಹೆಚ್ಚಿನವರು 70 ದಾಟಿದವರೇ ಆಗಿದ್ದ 19 ಸಾವಿರ ಹಿರಿಯರ ಅಧ್ಯಯನದಲ್ಲಿ ದಿನಕ್ಕೆ 100 ಮಿಲಿಗ್ರಾಂ ಆಸ್ಪಿರಿನ್ ಖಿನ್ನತೆಯನ್ನು ತಡೆಯಲಿಲ್ಲ. ಆಸ್ಪಿರಿನ್ನಿಂದ ರಕ್ತಸ್ರಾವದ ಅಪಾಯ ಇದ್ದೇ ಇದೆ. ಹಾಗೆಯೇ ಈಗ ತೆಗೆದುಕೊಳ್ಳುತ್ತಿರುವ ಖಿನ್ನತೆಯ ಮಾತ್ರೆಯನ್ನು ಈ ಉಪನ್ಯಾಸ ಕೇಳಿ ನಿಲ್ಲಿಸಬೇಡಿ. ಸಾಯಬೇಕು ಅನ್ನುವ ಯೋಚನೆ ಬರುತ್ತಿದ್ದರೆ ರಕ್ತ, ರಿಪೋರ್ಟು ಅಂತ ಕಾಯದೆ ಇವತ್ತೇ ಯಾರಿಗಾದರೂ ಹೇಳಿ, ಇವತ್ತೇ ವೈದ್ಯರ ಹತ್ತಿರ ಹೋಗಿ.

ಆ ಮಹಿಳೆಯ ವಿಷಯ ಅರ್ಧಕ್ಕೆ ಬಿಟ್ಟೆ. ಮಾತ್ರೆ ಶುರುಮಾಡಿದೆವು, ವಾರಕ್ಕೊಮ್ಮೆ ಮಾತುಕತೆಯ ಚಿಕಿತ್ಸೆ, ಬೆಳಿಗ್ಗೆ ಅರ್ಧ ಗಂಟೆ ನಡಿಗೆ. ಎರಡನೇ ತಿಂಗಳಿನಲ್ಲಿ ಬಂದಾಗ ಹಾಳೆ ತಂದಿರಲಿಲ್ಲ. ಕೂತವರೇ ಕೇಳಿದರು, 'ಮತ್ತೆ ಬ್ಲಡ್ ಟೆಸ್ಟ್ ಮಾಡಿಸಲಾ ಡಾಕ್ಟ್ರೇ?'

'ಬೇಡಮ್ಮ,' ಎಂದೆ. 'ರಾತ್ರಿ ನಿದ್ದೆ ಹೇಗಿದೆ ಹೇಳಿ.'